ಸಿಟ್ಟಿಗಿಂತ ಮೊದಲು ಅವಮಾನವನ್ನು ಹುಡುಕಿ: ಹದಿಹರೆಯದ ಮಕ್ಕಳ ಪೋಷಕರಿಗೆ ಹಂತಹಂತದ ಮಾರ್ಗದರ್ಶಿ

"ಎಂಟನೇ ತರಗತಿ ಮುಗಿಯುವವರೆಗೆ ಹೇಳಿದ ಮಾತು ಕೇಳುತ್ತಿದ್ದ ಹುಡುಗ ಈಗ ಏನು ಕೇಳಿದರೂ ಎಗರಿ ಬೀಳುತ್ತಾನೆ, ಯಾರ ಸಹವಾಸವೋ ಗೊತ್ತಾಗುತ್ತಿಲ್ಲ, ಏನು ಮಾಡುವುದು?" ಈ ಪ್ರಶ್ನೆ ಬಾರದ ತಿಂಗಳಿಲ್ಲ. ಮಗಳ ವಿಷಯವಾದರೆ ಮಾತು ಸ್ವಲ್ಪ ಬದಲಾಗುತ್ತದೆ: "ಬಾಗಿಲು ಹಾಕಿಕೊಂಡು ಕೂರುತ್ತಾಳೆ, ಊಟಕ್ಕೆ ಕರೆದರೆ ರೇಗುತ್ತಾಳೆ, ತಮ್ಮನ ಮೇಲೆ ಕೈ ಮಾಡುತ್ತಾಳೆ." ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಸಿಟ್ಟನ್ನು ಅಡಗಿಸುವ ಉಪಾಯ. ಆದರೆ ಹೈಸ್ಕೂಲು ಮತ್ತು ಪಿಯು ಮಕ್ಕಳ ನಡುವೆ ಹಲವು ವರ್ಷ ಕಳೆದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿ ಬೇರೆ. ಮನೆಯಲ್ಲಿ ತಟ್ಟೆ ನೂಕುವ, ಬಾಗಿಲು ಬಡಿಯುವ ಮಗು ಬಹಳ ಸಲ ಹೊರಗೆ ಎಲ್ಲೋ, ತನ್ನ ವಯಸ್ಸಿನವರ ಎದುರು, ಚಿಕ್ಕದಾಗಿ ಹೋಗಿ ಬಂದಿರುತ್ತದೆ. ಆ ಅವಮಾನ ಯಾವುದೆಂದು ತಿಳಿಯದೆ ನಾವು ಸಿಟ್ಟಿಗೆ ಶಿಕ್ಷೆ ಕೊಟ್ಟರೆ, ಇದ್ದ ಅವಮಾನಕ್ಕೆ ಇನ್ನೊಂದನ್ನು ಸೇರಿಸಿದಂತಾಗುತ್ತದೆ. ಮುಂದಿನ ಹಂತಗಳೆಲ್ಲ ಈ ತಿಳಿವಳಿಕೆಯ ಮೇಲೆ ನಿಂತಿವೆ.

ಮೊದಲು ಕೆಲವು ಪದಗಳು

ವಿಶ್ವ ಆರೋಗ್ಯ ಸಂಸ್ಥೆ ಹದಿಹರೆಯವನ್ನು 10ರಿಂದ 19 ವರ್ಷದವರೆಗಿನ ಕಾಲವೆಂದು ಗುರುತಿಸುತ್ತದೆ. ಅಂದರೆ ಐದನೇ ತರಗತಿಯ ಮಗುವೂ ಪದವಿ ತರಗತಿಗೆ ಸೇರಿದ ಹುಡುಗನೂ ಇದೇ ಲೆಕ್ಕಕ್ಕೆ ಬರುತ್ತಾರೆ.

ಸಮವಯಸ್ಕರ ಒತ್ತಡ ಎಂದರೆ ಗೆಳೆಯರು ಬಲವಂತ ಮಾಡುವುದು ಮಾತ್ರವಲ್ಲ. "ದಮ್ ಇದ್ರೆ ಮಾಡು ನೋಡೋಣ" ಎಂದು ಕೆಣಕುವುದು ಒಂದು ಬಗೆ. ಯಾರೂ ಏನೂ ಹೇಳದೆ, ಎಲ್ಲರ ಕಾಲಲ್ಲೂ ಒಂದೇ ಬಗೆಯ ಶೂ ಇರುವಾಗ ತನ್ನ ಕಾಲನ್ನು ಬೆಂಚಿನಡಿಗೆ ಎಳೆದುಕೊಳ್ಳುವುದು ಇನ್ನೊಂದು ಬಗೆ. ಎರಡನೆಯದೇ ಹೆಚ್ಚು ಸಾಮಾನ್ಯ, ಮತ್ತು ದೊಡ್ಡವರ ಕಣ್ಣಿಗೆ ಬೀಳದಿರುವುದೂ ಅದೇ.

ಆತ್ಮಗೌರವ ಎಂಬುದನ್ನು ಆತ್ಮವಿಶ್ವಾಸದೊಡನೆ ಬೆರೆಸಬೇಡಿ. "ಈ ಲೆಕ್ಕ ನಾನು ಮಾಡಬಲ್ಲೆ" ಎಂಬುದು ಆತ್ಮವಿಶ್ವಾಸ. "ಲೆಕ್ಕ ಬಾರದಿದ್ದರೂ ನಾನು ಕೀಳಲ್ಲ" ಎಂಬುದು ಆತ್ಮಗೌರವ. ತರಗತಿಗೆ ಮೊದಲು ಬರುವ ಮಗುವಿಗೂ ಎರಡನೆಯದು ಇಲ್ಲದಿರಬಹುದು.

ಆಕ್ರಮಣಶೀಲತೆ ಎಂದರೆ ಇನ್ನೊಬ್ಬರಿಗೆ ನೋವಾಗಲೆಂದೇ ಮಾಡುವ ನಡವಳಿಕೆ. ಹೊಡೆತ, ಬೈಗುಳ, ವಸ್ತು ಒಡೆಯುವುದು ಇದರಲ್ಲಿ ಸೇರುತ್ತವೆ. ಬೇಕೆಂದೇ ಮಾತು ಬಿಡುವುದು, ಗುಂಪಿನಿಂದ ಹೊರಗಿಡುವುದು, ಬೆನ್ನ ಹಿಂದೆ ಸುಳ್ಳು ಹಬ್ಬಿಸುವುದು ಕೂಡ ಸೇರುತ್ತವೆ. ಸಂಬಂಧವನ್ನೇ ಆಯುಧ ಮಾಡಿಕೊಳ್ಳುವ ಈ ಬಗೆಯನ್ನು ಮನಶ್ಶಾಸ್ತ್ರಜ್ಞರು ಪ್ರತ್ಯೇಕವಾಗಿ ಅಧ್ಯಯನ ಮಾಡತೊಡಗಿದ್ದು 1990ರ ದಶಕದಲ್ಲಿ. ಅಷ್ಟರವರೆಗೆ ಹುಡುಗಿಯರಲ್ಲಿ ಆಕ್ರಮಣಶೀಲತೆ ಅಷ್ಟಾಗಿ ಇಲ್ಲವೆಂದೇ ಬಹುಮಂದಿ ತಿಳಿದಿದ್ದರು.

ಆತ್ಮಗೌರವ ಕಡಿಮೆಯಿದ್ದವರೇ ಆಕ್ರಮಣಕಾರಿಗಳಾಗುತ್ತಾರೆಯೇ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. 1996ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು, ತನ್ನನ್ನು ತಾನು ಬಹಳ ಎತ್ತರದಲ್ಲಿಟ್ಟುಕೊಂಡವನಿಗೆ ಆ ಎತ್ತರ ಅಲುಗಿದಾಗ ಬರುವ ಸಿಟ್ಟೇ ಹಿಂಸೆಗೆ ಕಾರಣವೆಂದು ವಾದಿಸಿದರು. 2005ರಲ್ಲಿ ಬೇರೊಂದು ತಂಡ, ಆತ್ಮಗೌರವ ಕಡಿಮೆಯಿರುವುದಕ್ಕೂ ಆಕ್ರಮಣಶೀಲತೆಗೂ ನಂಟಿದೆಯೆಂದು ತೋರಿಸಿತು. ಮನೆಯಲ್ಲಿರುವ ನಮಗೆ ಇದರಲ್ಲಿ ಉಪಯೋಗಕ್ಕೆ ಬರುವುದು ಇಷ್ಟು: ನಾಲ್ವರ ಎದುರು ಸಣ್ಣವನಾಗುವ ಭಯ ಎರಡೂ ಬಗೆಯ ಮಕ್ಕಳಲ್ಲಿರಬಹುದು.

ಏನೇನು ಬೇಕು

ಒಂದು ಸಾದಾ ನೋಟ್‌ಬುಕ್, ಸುಮಾರು ಆರು ವಾರಗಳ ತಾಳ್ಮೆ, ಶಾಲೆಯಲ್ಲಿ ನೀವು ನಂಬಬಹುದಾದ ಒಬ್ಬ ಶಿಕ್ಷಕಿ ಅಥವಾ ಶಿಕ್ಷಕ, ಮತ್ತು ಮನೆಯ ಹಿರಿಯರೆಲ್ಲರ ನಡುವೆ ಒಂದು ಒಪ್ಪಂದ. ಕಡೆಯದೇ ಕಷ್ಟ. ಅಪ್ಪ ಗದರಿಸಿ, ಅಮ್ಮ ಗುಟ್ಟಾಗಿ ದುಡ್ಡು ಕೊಟ್ಟು, ಅಜ್ಜಿ "ಗಂಡು ಹುಡುಗ ಅಲ್ವಾ, ಹಾಗೇ ಇರೋದು" ಎಂದರೆ ಯಾವ ಹಂತವೂ ಕೆಲಸ ಮಾಡುವುದಿಲ್ಲ. ಮಗು ಮನೆಯಲ್ಲಿಲ್ಲದ ಒಂದು ಹೊತ್ತಿನಲ್ಲಿ ಎಲ್ಲರೂ ಕುಳಿತು, ಮುಂದಿನ ಆರು ವಾರ ಯಾರೂ ಹೊಡೆಯುವುದಿಲ್ಲ, ನೆಂಟರ ಮುಂದೆ ಅವನ ದೂರು ಹೇಳುವುದಿಲ್ಲ, ಅಕ್ಕನೊಂದಿಗೋ ಚಿಕ್ಕಪ್ಪನ ಮಗನೊಂದಿಗೋ ಹೋಲಿಸುವುದಿಲ್ಲ ಎಂಬ ಮೂರು ಮಾತುಗಳನ್ನು ಒಪ್ಪಿಕೊಳ್ಳಿ.

ಹಂತ 1: ಎರಡು ವಾರ ಬರೆದಿಡಿ, ಏನೂ ಹೇಳಬೇಡಿ

ಪ್ರತಿ ಸಲ ಮಗು ಸಿಡಿದಾಗ ನಾಲ್ಕು ವಿಷಯಗಳನ್ನು ಬರೆಯಿರಿ: ವಾರ ಮತ್ತು ಹೊತ್ತು, ಅದಕ್ಕೆ ಮೊದಲಿನ ಒಂದೆರಡು ಗಂಟೆ ಮಗು ಎಲ್ಲಿತ್ತು, ಸಿಡಿಯುವುದಕ್ಕೆ ತಕ್ಷಣ ಮುಂಚೆ ಯಾರು ಏನೆಂದರು, ಆಮೇಲೆ ಮನೆಯವರು ಏನು ಮಾಡಿದರು. "ಸುಮ್ಮಸುಮ್ಮನೆ ಕೂಗಾಡಿದ" ಎಂದು ಬರೆಯಬೇಡಿ. "ಸಂಜೆ ಏಳೂವರೆ, ಟ್ಯೂಷನ್ನಿನಿಂದ ಬಂದು ಹತ್ತು ನಿಮಿಷ, 'ಎಷ್ಟು ಮಾರ್ಕ್ಸ್ ಬಂತು' ಎಂದು ಕೇಳಿದೆ, ನೀರಿನ ಬಾಟಲಿ ಗೋಡೆಗೆಸೆದ" ಎಂದು ಬರೆಯಿರಿ.

ಒಬ್ಬ ತಾಯಿ ಹೀಗೆ ಬರೆದಿಟ್ಟ ಹಾಳೆಯನ್ನು ನಾನು ನೋಡಿದ್ದೇನೆ. ಹನ್ನೊಂದು ಸಲ ಸಿಡಿದದ್ದರಲ್ಲಿ ಎಂಟು ಸಲ ಮಂಗಳವಾರ ಅಥವಾ ಶುಕ್ರವಾರ. ಎರಡೂ ಟ್ಯೂಷನ್ ಇದ್ದ ದಿನಗಳು. ಅವರು ಗಣಿತ ಕಷ್ಟವಾಗುತ್ತಿರಬೇಕೆಂದುಕೊಂಡಿದ್ದರು. ಆದದ್ದು ಬೇರೆ. ಟ್ಯೂಷನ್ ಮುಗಿದ ಮೇಲೆ ಬಯಲಿನಲ್ಲಿ ಕಬಡ್ಡಿ ಆಡುವಾಗ ಹುಡುಗ ಕೆಸರಿನಲ್ಲಿ ಮಗುಚಿ ಬಿದ್ದಿದ್ದ. ಯಾರೋ ಅದರ ಫೋಟೊ ತೆಗೆದು ವಾಟ್ಸ್ಆ್ಯಪ್ ಸ್ಟಿಕರ್ ಮಾಡಿದ್ದರು. ಗುಂಪಿನಲ್ಲಿ ಅವನು ಏನೇ ಬರೆದರೂ ಉತ್ತರವಾಗಿ ಆ ಸ್ಟಿಕರ್ ಬೀಳುತ್ತಿತ್ತು. ಗುಂಪು ಬಿಟ್ಟರೆ ಟ್ಯೂಷನ್ನಿನ ಸಮಯ ಬದಲಾದದ್ದೂ ತಿಳಿಯದು, ಇದ್ದರೆ ದಿನಕ್ಕೆ ಹತ್ತು ಸಲ ತನ್ನದೇ ಕೆಸರು ಮುಖ ನೋಡಬೇಕು. ಆ ಹುಡುಗ ಮನೆಯಲ್ಲಿ ಸಿಡಿಯದೆ ಇದ್ದಿದ್ದರೆ ಆಶ್ಚರ್ಯವಾಗುತ್ತಿತ್ತು.

ಎಚ್ಚರಿಕೆ: ಈ ಎರಡು ವಾರಗಳಲ್ಲಿ ಮಗುವಿನ ಫೋನನ್ನು ಕದ್ದು ನೋಡಬೇಡಿ. ಸಿಗುವ ಮಾಹಿತಿಗಿಂತ, ಸಿಕ್ಕಿಬಿದ್ದಾಗ ಕಳೆದುಕೊಳ್ಳುವ ನಂಬಿಕೆ ದೊಡ್ಡದು. ಹಿಂಸೆಯ ಬೆದರಿಕೆ, ಲೈಂಗಿಕ ಕಿರುಕುಳ ಅಥವಾ ಆತ್ಮಹತ್ಯೆಯ ಸುಳಿವು ಇದ್ದರೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಆಗ ನೇರವಾಗಿ ಕಡೆಯ ಹಂತಕ್ಕೆ ಹೋಗಿ. ಇನ್ನೊಂದು, ನೋಟ್‌ಬುಕ್ಕನ್ನು ಮಗುವಿನ ಕೈಗೆ ಸಿಗುವಲ್ಲಿ ಇಡಬೇಡಿ. ತನ್ನ ವಿರುದ್ಧ ಆರೋಪಪಟ್ಟಿ ಸಿದ್ಧವಾಗುತ್ತಿದೆ ಎಂದುಕೊಂಡರೆ ಅದನ್ನು ಸರಿಪಡಿಸುವುದು ಕಷ್ಟ.

ಹಂತ 2: ಮಾತನಾಡಿ, ಆದರೆ ಎದುರುಬದುರು ಕೂರಬೇಡಿ

ಸೋಫಾದ ಮೇಲೆ ಕೂರಿಸಿ "ನಿನ್ನ ಹತ್ತಿರ ಮಾತಾಡಬೇಕು" ಎಂದು ಆರಂಭಿಸಿದ ಮಾತು ಈ ವಯಸ್ಸಿನಲ್ಲಿ ವಿಚಾರಣೆಯಾಗಿಯೇ ಕೇಳಿಸುತ್ತದೆ. ಕೈಗೆ ಕೆಲಸ, ಕಣ್ಣಿಗೆ ಬೇರೆ ನೋಟ ಇರುವ ಹೊತ್ತನ್ನು ಹುಡುಕಿ. ಸ್ಕೂಟರಿನ ಹಿಂದಿನ ಸೀಟು, ಹಾಲು ತರಲು ನಡೆಯುವ ದಾರಿ, ಬಟಾಣಿ ಸುಲಿಯುವಾಗ, ಕರೆಂಟು ಹೋದ ಸಂಜೆ. ಮುಖ ನೋಡದೆ ಹೇಳಬಹುದಾದ ಸ್ಥಿತಿಯಲ್ಲಿ ಮಕ್ಕಳು ಎಷ್ಟೋ ಹೆಚ್ಚು ಹೇಳುತ್ತಾರೆ.

ಆರಂಭಕ್ಕೆ ಪ್ರಶ್ನೆ ಬೇಡ, ನೀವು ಕಂಡದ್ದನ್ನು ಹೇಳಿ. "ಮಂಗಳವಾರ ಟ್ಯೂಷನ್ನಿಂದ ಬಂದಾಗ ನಿನ್ನ ಮುಖ ಸಣ್ಣದಾಗಿರುತ್ತೆ ಪುಟ್ಟ. ನಾನು ಬಂದ ತಕ್ಷಣ ಮಾರ್ಕ್ಸ್ ಕೇಳ್ತೀನಿ, ಅದು ನನ್ನ ತಪ್ಪು." ಅಷ್ಟು ಹೇಳಿ ಸುಮ್ಮನಾಗಿ. ಉತ್ತರ ಬಾರದಿದ್ದರೂ ಪರವಾಗಿಲ್ಲ, ಎರಡು ದಿನ ಬಿಟ್ಟು, ನೀವು ದೋಸೆ ಹುಯ್ಯುತ್ತಿರುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು "ಅಮ್ಮಾ, ಅದೇನಂದ್ರೆ..." ಎನ್ನಬಹುದು. ಆಗ ದೋಸೆ ಸೀದರೂ ಸೀಯಲಿ.

ಎಚ್ಚರಿಕೆ: "ಯಾಕೆ" ಎಂಬ ಪದವನ್ನು ಬಿಡಿ. "ಯಾಕೆ ಹಾಗ್ಮಾಡ್ದೆ" ಎಂಬುದಕ್ಕೆ ಮಗುವಿನ ಬಳಿ ಉತ್ತರವಿರುವುದಿಲ್ಲ, ಸಮರ್ಥನೆ ಮಾತ್ರ ಇರುತ್ತದೆ. "ನಮ್ಮ ಕಾಲದಲ್ಲಿ" ಎಂದು ಶುರುವಾಗುವ ಯಾವ ವಾಕ್ಯವೂ ಬೇಡ. ಮಗು ಹೇಳಿದ ಸಂಗತಿ ನಿಮಗೆ ಕ್ಷುಲ್ಲಕವೆನಿಸಿದರೂ "ಇಷ್ಟಕ್ಕೇ?" ಎನ್ನಬೇಡಿ, ಆ ಮಾತು ಕೇಳಿದ ಮಗು ಮತ್ತೆ ಬಾಯಿ ಬಿಡಲು ತಿಂಗಳುಗಳಾಗುತ್ತವೆ.

ಹಂತ 3: ಒತ್ತಡ ಎಲ್ಲಿಂದ, ಎಂಥದ್ದು ಎಂದು ವಿಂಗಡಿಸಿ

ಗೆಳೆಯರ ಎದುರು ಮಕ್ಕಳು ಬೇರೆಯೇ ಆಗುತ್ತಾರೆ ಎಂಬುದು ತಾಯಂದಿರಿಗೆ ಮೊದಲಿನಿಂದ ಗೊತ್ತು. 2005ರಲ್ಲಿ ಅಮೆರಿಕದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಇದನ್ನು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟದ ಮೂಲಕ ಅಳೆದರು. ಗೆಳೆಯರು ನೋಡುತ್ತಿದ್ದಾಗ 13ರಿಂದ 16 ವರ್ಷದವರು ಒಬ್ಬರೇ ಆಡಿದಾಗಿಗಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಮೆದುಳಿನ ಮುಂಭಾಗ, ಅಂದರೆ ದುಡುಕನ್ನು ತಡೆದು ಪರಿಣಾಮ ಯೋಚಿಸುವ ಭಾಗ, ಪೂರ್ತಿ ಬಲಿಯುವುದು ಇಪ್ಪತ್ತರ ನಡುಭಾಗದ ಹೊತ್ತಿಗೆ; ಆದರೆ ಮೆಚ್ಚುಗೆಗೆ, ಉತ್ಸಾಹಕ್ಕೆ ಸ್ಪಂದಿಸುವ ಭಾಗ ಹದಿಹರೆಯದ ಆರಂಭದಲ್ಲೇ ಚುರುಕಾಗಿಬಿಡುತ್ತದೆ. ಆದ್ದರಿಂದ ಮನೆಯಲ್ಲಿ "ಬೈಕ್ ಮುಟ್ಟಲ್ಲ" ಎಂದು ಪ್ರಾಮಾಣಿಕವಾಗಿ ಮಾತು ಕೊಟ್ಟ ಹುಡುಗ ಬಸ್ ಸ್ಟ್ಯಾಂಡಿನ ಬಳಿ ಮೂವರ ಎದುರು ಕಿಕ್ ಹೊಡೆಯುತ್ತಾನೆ. ಅವನು ನಿಮಗೆ ಸುಳ್ಳು ಹೇಳಿರಲಿಲ್ಲ.

ಇದಕ್ಕಿಂತ ಉಪಯುಕ್ತವಾದದ್ದು ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಕಾಲೇಜು ಯುವಕರ ಮೇಲೆ ನಡೆಸಿದ ಪ್ರಯೋಗ. ಯಾವ ಗೆರೆ ಉದ್ದ ಎಂಬ ಸುಲಭದ ಪ್ರಶ್ನೆಗೆ, ಸುತ್ತಲಿನವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಕೊಟ್ಟಾಗ, ನಿಜವಾಗಿ ಪರೀಕ್ಷೆಗೊಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ತಪ್ಪು ಉತ್ತರಕ್ಕೇ ದನಿಗೂಡಿಸಿದರು. ಆದರೆ ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯುತ್ತರ ಹೇಳಿದರೂ ಈ ಬಗ್ಗುವಿಕೆ ತೀರಾ ಇಳಿದುಹೋಯಿತು. ನಮ್ಮ ಕೆಲಸಕ್ಕೆ ಬೇಕಾದ ಸೂತ್ರ ಇಲ್ಲಿದೆ: ಮಗುವನ್ನು ಗುಂಪಿನಿಂದ ಕಿತ್ತು ತರುವುದಕ್ಕಿಂತ, ಅದೇ ಗುಂಪಿನಲ್ಲಿ ಅದರ ಜೊತೆ ನಿಲ್ಲುವ ಒಬ್ಬ ಗೆಳೆಯನನ್ನು ಗುರುತಿಸುವುದು ಹೆಚ್ಚು ಫಲಕಾರಿ. ಆ ಹುಡುಗನನ್ನು ಭಾನುವಾರ ಊಟಕ್ಕೆ ಕರೆಯಿರಿ. ಅವನ ಜಾತಿ, ಅಂಕ, ಅಪ್ಪನ ಕೆಲಸ ವಿಚಾರಿಸಬೇಡಿ.

ಮಗುವಿನೊಡನೆ ಮಾತಾಡಿ ಒತ್ತಡಗಳನ್ನು ಒಂದು ಹಾಳೆಯಲ್ಲಿ ಪಟ್ಟಿಮಾಡಿ: ಅಪಾಯದವು (ಬೈಕ್, ಗುಟ್ಕಾ, ಸಿಗರೇಟು, ಕುಡಿತ, ಕೆರೆ-ನಾಲೆಯಲ್ಲಿ ಈಜುವ ಪಂಥ), ಅವಮಾನದವು (ಅಡ್ಡಹೆಸರು, ಮೈಬಣ್ಣ, ದಪ್ಪ-ಸಣ್ಣ, ಮೊಡವೆ, ಜಾತಿ, ಇಂಗ್ಲಿಷ್ ಉಚ್ಚಾರ), ಖರ್ಚಿನವು (ಶೂ, ಫೋನು, ಹುಟ್ಟುಹಬ್ಬಕ್ಕೆ ಎಲ್ಲರಿಗೂ ತಿಂಡಿ ಕೊಡಿಸುವುದು), ಮತ್ತು ಒಳ್ಳೆಯವು. ಕಡೆಯದನ್ನು ಮರೆಯಬೇಡಿ, ಗೆಳೆಯರು ಓದುತ್ತಾರೆಂದು ತಾನೂ ಓದುವುದು, ಗೆಳತಿಯರೊಡನೆ ಖೊಖೊ ತಂಡಕ್ಕೆ ಸೇರುವುದು ಇವೂ ಸಮವಯಸ್ಕರ ಒತ್ತಡವೇ. ಖರ್ಚಿನ ಒತ್ತಡದಲ್ಲಿ ಒಂದೆರಡಕ್ಕೆ ಮಣಿಯುವುದು ತಪ್ಪಲ್ಲ. ಎಲ್ಲರೂ ನಗುವ ಚೀಲವನ್ನು ತತ್ತ್ವಕ್ಕಾಗಿ ಮಗುವಿನ ಹೆಗಲಿಗೆ ಹೇರುವ ಅಪ್ಪಂದಿರನ್ನು ನಾನು ಒಪ್ಪಲಾರೆ.

ಎಚ್ಚರಿಕೆ: "ಇವತ್ತಿಂದ ಆ ಹುಡುಗನ ಜೊತೆ ಸೇರಿದ್ರೆ ನೋಡು" ಎಂಬ ನಿಷೇಧ ಬಹುತೇಕ ತಿರುಗುಬಾಣವಾಗುತ್ತದೆ. ಗೆಳೆತನ ಮುಂದುವರಿಯುತ್ತದೆ, ನಿಮಗೆ ತಿಳಿಯುವುದು ನಿಂತುಹೋಗುತ್ತದೆ.

ಹಂತ 4: "ಬೇಡ" ಎನ್ನುವುದನ್ನು ಬಾಯಿಪಾಠ ಮಾಡಿಸಿ

"ಧೈರ್ಯವಾಗಿ ಬೇಡ ಎನ್ನು" ಎಂಬ ಉಪದೇಶ ಯಾವ ಮಗುವಿಗೂ ಸಾಲದು. ಮಾತು ಎಂಥದ್ದಿರಬೇಕೆಂದರೆ ಅದನ್ನು ಹೇಳಿದ ಮೇಲೂ ಗುಂಪಿನಲ್ಲಿ ಮುಖ ಎತ್ತಿ ನಿಲ್ಲಲು ಸಾಧ್ಯವಾಗಬೇಕು. ಆದ್ದರಿಂದ ಭಾಷಣವಲ್ಲ, ಮೂರು ನಾಲ್ಕು ಪದದ ವಾಕ್ಯಗಳು ಬೇಕು, ಅವು ಮಗುವಿನದೇ ಆಡುಮಾತಿನಲ್ಲಿರಬೇಕು.

ತಮಾಷೆಯ ದಾರಿ: "ನಂಗ್ ಬೇಡ ಮಗಾ, ನೀನೇ ಹೀರೋ ಆಗು." ಕಾರಣದ ದಾರಿ: "ನಾಳೆ ಸೆಲೆಕ್ಷನ್ ಇದೆ, ಸಿಗರೇಟ್ ವಾಸನೆ ಬಂದ್ರೆ ಪಿ.ಟಿ. ಸರ್ ಓಡಿಸ್ತಾರೆ." ಮನೆಯವರ ಮೇಲೆ ಹಾಕುವ ದಾರಿ: "ನಮ್ಮಪ್ಪಂದು ಗೊತ್ತಲ್ಲ, ಮೂಸಿ ನೋಡ್ತಾರೆ." ಈ ಮೂರನೆಯದಕ್ಕೆ ನೀವು ಮುಂಚಿತವಾಗಿ ಅನುಮತಿ ಕೊಡಿ, "ನನ್ನನ್ನು ಎಷ್ಟು ಬೇಕಾದರೂ ಕೆಟ್ಟವನನ್ನಾಗಿ ಮಾಡು" ಎಂದು ಅಪ್ಪನೇ ಹೇಳಿದರೆ ಮಗುವಿನ ಹೆಗಲ ಭಾರ ಅರ್ಧ ಇಳಿಯುತ್ತದೆ. ಬೈಕಿನ ವಿಷಯದಲ್ಲಂತೂ ಕಾನೂನೇ ನೆಪ ಒದಗಿಸುತ್ತದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ, ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು, ವಾಹನದ ನೋಂದಣಿ 12 ತಿಂಗಳು ರದ್ದು, ಓಡಿಸಿದವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ ಎಂಬ ನಿಯಮವಿದೆ. "ಸಿಕ್ಕಾಕ್ಕೊಂಡ್ರೆ ಇಪ್ಪತ್ತೈದು ಸಾವಿರ, ನೀನ್ ಕೊಡ್ತೀಯಾ?" ಎಂಬುದು ಪುಕ್ಕಲುತನದಂತೆ ಕೇಳಿಸುವುದಿಲ್ಲ.

ಇದನ್ನು ಮನೆಯಲ್ಲಿ ಆಡಿ ತೋರಿಸಿ. ನೀವು ಕೆಣಕುವ ಗೆಳೆಯನಾಗಿ, ಮಗು ಉತ್ತರಿಸಲಿ. ಆಮೇಲೆ ಪಾತ್ರ ಅದಲುಬದಲು ಮಾಡಿ. ಎರಡನೇ ಸುತ್ತಿನಲ್ಲಿ ಮಗು ಆಡುವ ಕೆಣಕು ಮಾತುಗಳನ್ನು ಗಮನವಿಟ್ಟು ಕೇಳಿ, ಅವು ಅದು ನಿಜವಾಗಿ ಕೇಳಿಸಿಕೊಂಡು ಬಂದ ಮಾತುಗಳು. ಹಾಗೆಯೇ ಒಂದು ಗುಟ್ಟಿನ ಸಂಕೇತ ಇಟ್ಟುಕೊಳ್ಳಿ. ಮಗು ಫೋನಿನಲ್ಲಿ "ಅಜ್ಜಿ ಮಾತ್ರೆ ತಗೊಂಡ್ರಾ?" ಎಂದು ಕೇಳಿದರೆ ತಕ್ಷಣ ನೀವು "ಈಗಲೇ ಬಾ" ಎಂದು ಗದರಿಸಬೇಕು, ಇಲ್ಲವೇ ಹೋಗಿ ಕರೆತರಬೇಕು. ಕರೆತಂದ ರಾತ್ರಿ ವಿಚಾರಣೆ ಬೇಡ.

ಹಂತ 5: ಆತ್ಮಗೌರವಕ್ಕೆ ಹೊಗಳಿಕೆ ಮದ್ದಲ್ಲ

ಇಲ್ಲಿ ಹೆಚ್ಚಿನ ಪೋಷಕರು ದಾರಿ ತಪ್ಪುತ್ತಾರೆ. ಮಗುವಿಗೆ ಆತ್ಮಗೌರವ ಕಡಿಮೆಯೆಂದು ಎಲ್ಲೋ ಓದಿ, "ನೀನು ಬಹಳ ಬುದ್ಧಿವಂತ" ಎಂದು ದಿನಕ್ಕೆ ನಾಲ್ಕು ಸಲ ಹೇಳತೊಡಗುತ್ತಾರೆ. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬುದ್ಧಿವಂತಿಕೆಗಾಗಿ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು. ಶ್ರಮಕ್ಕಾಗಿ ಹೊಗಳಿಸಿಕೊಂಡವರು ಮತ್ತೆ ಪ್ರಯತ್ನಿಸಿದರು. ಹದಿಹರೆಯದವರಿಗಂತೂ ಹುಸಿ ಹೊಗಳಿಕೆಯ ವಾಸನೆ ದೂರದಿಂದಲೇ ಬಡಿಯುತ್ತದೆ.

ಹೊಗಳಿಕೆಗಿಂತ ಜವಾಬ್ದಾರಿ ಕೊಡಿ, ಅದೂ ಮನೆಗೆ ನಿಜವಾಗಿ ಬೇಕಾದದ್ದನ್ನು. ತಿಂಗಳ ಕರೆಂಟು ಬಿಲ್ಲು ಕಟ್ಟುವುದು, ಅಜ್ಜನ ಪಿಂಚಣಿಗೆ ಬ್ಯಾಂಕಿಗೆ ಜೊತೆಯಾಗಿ ಹೋಗುವುದು, ವಾರಕ್ಕೊಂದು ದಿನ ಎಲ್ಲರಿಗೂ ಅಡುಗೆ ಮಾಡುವುದು. ತಪ್ಪಾದರೆ ನೀವು ಕೈಹಾಕಿ ಸರಿಮಾಡದೆ, ಮಗುವೇ ಸರಿಪಡಿಸಲಿ. ಗುಂಪಿನಲ್ಲಿ ನಗೆಪಾಟಲಾದ ಹುಡುಗನಿಗೆ, ತಾನಿಲ್ಲದಿದ್ದರೆ ನಡೆಯದ ಕೆಲಸವೊಂದು ಈ ಲೋಕದಲ್ಲಿದೆ ಎಂಬ ಅರಿವು ಕೊಡುವ ಬಲ ಯಾವ ಮಾತಿನಿಂದಲೂ ಬರುವುದಿಲ್ಲ. ಹಾಗೆಯೇ ಶಾಲೆಗೆ ಸಂಬಂಧವಿಲ್ಲದ ಎರಡನೆಯ ಗುಂಪೊಂದು ಇರಲಿ: ಯಕ್ಷಗಾನದ ತರಗತಿ, ಊರಿನ ವಾಲಿಬಾಲ್ ತಂಡ, ಎನ್‌ಸಿಸಿ, ಭಜನಾ ಮಂಡಳಿ, ಯಾವುದಾದರೂ ಸರಿ. ಒಂದು ಕಡೆ ಬಿದ್ದ ಮಗುವಿಗೆ ಇನ್ನೊಂದು ಕಡೆ ನಿಲ್ಲಲು ಜಾಗ ಬೇಕು.

ನಮ್ಮ ರಾಜ್ಯದಲ್ಲಿ ಒಂದು ಸಂದರ್ಭವನ್ನು ಬೇರೆಯಾಗಿಯೇ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ, ತಾಲ್ಲೂಕಿಗೋ ಜಿಲ್ಲೆಗೋ ಹೆಸರು ತಂದ ಮಗು ಪಿಯು ವಿಜ್ಞಾನಕ್ಕೆ ಸೇರಿ, ಮೊದಲ ಕಿರುಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತು ತೆಗೆಯುತ್ತದೆ. ಗೊತ್ತಿರುವ ವಿಷಯವೇ ಗೊತ್ತಿಲ್ಲದ ಭಾಷೆಯಲ್ಲಿ ಎದುರಾಗುತ್ತದೆ. 'ದ್ಯುತಿಸಂಶ್ಲೇಷಣೆ' ಎಂದರೆ ಎರಡು ಪುಟ ಬರೆಯಬಲ್ಲ ಹುಡುಗಿ ಅದರ ಇಂಗ್ಲಿಷ್ ಹೆಸರು ಕೇಳಿ ತಲೆ ತಗ್ಗಿಸುತ್ತಾಳೆ. ಪ್ರಶ್ನೆ ಕೇಳಲು ಎದ್ದರೆ ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು. ಅದೇ ಹೊತ್ತಿಗೆ ಮನೆಯಿಂದ ದೂರ, ಹಾಸ್ಟೆಲ್ ಬೇರೆ. ದಸರಾ ರಜೆಗೆ ಬಂದಾಗ ಅವಳು ಅಮ್ಮನ ಮೇಲೆ ರೇಗಿದರೆ "ಪೇಟೆ ಗಾಳಿ ತಗಲಿತು" ಎನ್ನುತ್ತಾರೆ. ಗಾಳಿಯಲ್ಲ, ಅದು ಸೋಲು. ಇಂಥ ಮಕ್ಕಳಿಗೆ ಮೊದಲೇ, ಅಂದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ಏಪ್ರಿಲ್-ಮೇ ರಜೆಯಲ್ಲಿ, ಹತ್ತನೆಯ ವಿಜ್ಞಾನದ ಪಾಠಗಳನ್ನು ಇಂಗ್ಲಿಷ್ ಮಾಧ್ಯಮದ ಪಠ್ಯಪುಸ್ತಕದೊಡನೆ ಪಕ್ಕಪಕ್ಕ ಇಟ್ಟು ಓದಿಸಿ; ಎರಡೂ ಪುಸ್ತಕಗಳಲ್ಲಿ ಪಾಠ ಒಂದೇ. ದಿನಕ್ಕೆ ಹತ್ತು ಪದ ಬರೆದುಕೊಂಡರೂ ಜೂನ್ ಹೊತ್ತಿಗೆ ಐನೂರು ಪದ ಕೈವಶವಾಗಿರುತ್ತದೆ. ಮತ್ತು ಮೊದಲ ಆರು ತಿಂಗಳ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಮಾತು ಕೊಡಿ, ಕೊಟ್ಟ ಮಾತನ್ನು ಉಳಿಸಿಕೊಳ್ಳಿ.

ಎಚ್ಚರಿಕೆ: ಅಂತರಜಾಲದಲ್ಲಿ ಸಿಗುವ ಆತ್ಮಗೌರವದ ಪ್ರಶ್ನಾವಳಿಗಳನ್ನು ಮಗುವಿಗೆ ಕೊಟ್ಟು ಅಂಕ ಹಾಕಬೇಡಿ. ಹೆಚ್ಚು ಬಳಕೆಯಲ್ಲಿರುವ, 1965ರಲ್ಲಿ ಮಾರಿಸ್ ರೋಸೆನ್‌ಬರ್ಗ್ ರೂಪಿಸಿದ ಹತ್ತು ವಾಕ್ಯಗಳ ಮಾಪಕವೂ ಹುಟ್ಟಿದ್ದು ಸಂಶೋಧನೆಗೆ, ಮನೆಯ ತೀರ್ಪಿಗಲ್ಲ.

ಹಂತ 6: ಸಿಡಿದ ಕ್ಷಣ, ಮತ್ತು ಆಮೇಲೆ

ಸಿಡಿಯುತ್ತಿರುವಾಗ ಬುದ್ಧಿ ಹೇಳಬೇಡಿ, ಆಗ ಕಿವಿಗೆ ಕೇಳಿಸಿದರೂ ತಲೆಗೆ ಹತ್ತುವುದಿಲ್ಲ. ದನಿ ತಗ್ಗಿಸಿ ಒಂದೇ ವಾಕ್ಯ ಹೇಳಿ: "ಸಿಟ್ಟು ಬಂದಿದೆ, ಗೊತ್ತಾಗ್ತಿದೆ; ಹೊಡೆಯೋದು ಬೇಡ; ಅರ್ಧ ಗಂಟೆ ಬಿಟ್ಟು ಮಾತಾಡೋಣ." ಚಿಕ್ಕ ಮಕ್ಕಳನ್ನು, ವಯಸ್ಸಾದವರನ್ನು ಆ ಕೋಣೆಯಿಂದ ಕಳಿಸಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಹೊರಗೆ ಹೋಗಲು ದಾರಿ ಇಲ್ಲದವನೇ ಕೈ ಎತ್ತುವುದು.

ಆಮೇಲೆ, ತಣ್ಣಗಾದ ಮೇಲೆ, ಎರಡು ಕೆಲಸ ಆಗಲೇಬೇಕು. ಮೊದಲನೆಯದು ನಷ್ಟ ಭರ್ತಿ. ಒಡೆದ ಬಾಟಲಿಯ ದುಡ್ಡು ಕೈಖರ್ಚಿನಿಂದ ಹೋಗಬೇಕು, ತಮ್ಮನಿಗೆ ಹೊಡೆದಿದ್ದರೆ ಅವನಿಗಾಗಿ ಒಂದು ಕೆಲಸ ಮಾಡಿಕೊಡಬೇಕು. ನೆಂಟರ ಮುಂದೆ ಕಾಲು ಮುಟ್ಟಿಸಿ ಕ್ಷಮೆ ಕೇಳಿಸುವುದು ನಷ್ಟ ಭರ್ತಿಯಲ್ಲ, ಅದು ಇನ್ನೊಂದು ಅವಮಾನ. ಎರಡನೆಯದು, ಘಟನೆಯನ್ನು ಹಿಂದಿನಿಂದ ಬಿಚ್ಚುವುದು: ಅವನು ಏನಂದ, ನೀನು ಏನೆಂದುಕೊಂಡೆ, ಬೇರೆ ಏನಾಗಿರಬಹುದಿತ್ತು? ಕೆನೆತ್ ಡಾಜ್ ಎಂಬ ಸಂಶೋಧಕರು ತೋರಿಸಿಕೊಟ್ಟಂತೆ, ಬೇಗ ಕೈ ಎತ್ತುವ ಮಕ್ಕಳಲ್ಲಿ ಎದುರಿನವರು ಬೇಕೆಂದೇ ಹೀಗೆ ಮಾಡಿದರು ಎಂದು ತಕ್ಷಣ ತೀರ್ಮಾನಿಸುವ ಚಾಳಿ ಹೆಚ್ಚು. ಕಾರಿಡಾರಿನಲ್ಲಿ ಭುಜ ತಗುಲಿತು ಎಂಬುದಕ್ಕೆ ಮೂರು ಕಾರಣ ಹೇಳು ಎಂದು ಕೇಳುವ ಸಣ್ಣ ಅಭ್ಯಾಸ, ವಾರಗಟ್ಟಲೆ ಮಾಡಿದರೆ, ಈ ಚಾಳಿಯನ್ನು ಸಡಿಲಿಸುತ್ತದೆ.

ಎಲ್ಲ ಆಕ್ರಮಣವೂ ಸಿಟ್ಟಿನಿಂದ ಬರುವುದಿಲ್ಲ ಎಂಬುದನ್ನೂ ಹೇಳಬೇಕು. ಕೆರಳಿ ಹೊಡೆಯುವುದು ಒಂದು. ಏನಾದರೂ ಗಿಟ್ಟಿಸಿಕೊಳ್ಳಲು ತಣ್ಣಗೆ ಯೋಚಿಸಿ ಇನ್ನೊಬ್ಬರನ್ನು ಹಿಂಸಿಸುವುದು ಇನ್ನೊಂದು. ನಿಮ್ಮ ಮಗುವೇ ಸ್ಟಿಕರ್ ಮಾಡಿದ ಮಗುವಾಗಿದ್ದರೆ, "ಮಕ್ಕಳಾಟ" ಎಂದು ಸುಮ್ಮನಾಗಬೇಡಿ. ಮಗು ಆ ಸ್ಟಿಕರನ್ನು ಅಳಿಸಬೇಕು, ಅದೇ ಗುಂಪಿನಲ್ಲಿ ತಪ್ಪೊಪ್ಪಿಕೊಳ್ಳಬೇಕು, ಕೆಲವು ವಾರ ಫೋನಿನ ಬಳಕೆ ನಿಮ್ಮ ಕಣ್ಣೆದುರು ನಡೆಯಬೇಕು. ಇದರಲ್ಲಿ ರಾಜಿ ಬೇಡ.

ಎಚ್ಚರಿಕೆ: ಹೊಡೆಯಬೇಡಿ. ಇನ್ನೊಬ್ಬರಿಗೆ ಹೊಡೆದದ್ದಕ್ಕೆ ಮಗುವಿಗೆ ಹೊಡೆದರೆ, ಬಲವಿದ್ದವರು ಹೊಡೆಯಬಹುದೆಂಬ ಪಾಠವನ್ನೇ ಗಟ್ಟಿ ಮಾಡಿದಂತೆ.

ಹಂತ 7: ಶಾಲೆಯನ್ನು ಜೊತೆಗಿಟ್ಟುಕೊಳ್ಳಿ

ಎದುರಾಳಿ ಮಗುವಿನ ಮನೆಗೆ ಹೋಗಿ ಜಗಳವಾಡಬೇಡಿ, ಗೇಟಿನ ಬಳಿ ಆ ಮಗುವನ್ನು ತಡೆದು ಗದರಿಸಬೇಡಿ. ತರಗತಿ ಶಿಕ್ಷಕರನ್ನು ಒಬ್ಬರೇ ಕಂಡು, ನೋಟ್‌ಬುಕ್ಕಿನಿಂದ ದಿನಾಂಕ ಸಹಿತ ಸಂಗತಿ ಹೇಳಿ. ಎರಡು ವಾರದಲ್ಲಿ ಬದಲಾವಣೆ ಕಾಣದಿದ್ದರೆ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ಕೊಟ್ಟು, ಸ್ವೀಕೃತಿಯ ಸಹಿ ಪಡೆಯಿರಿ. ಕೇಳುವುದನ್ನು ಸ್ಪಷ್ಟವಾಗಿ ಕೇಳಿ: ಕೂರುವ ಜಾಗ ಬದಲಿಸಿ, ಊಟದ ಬಿಡುವಿನಲ್ಲಿ ಒಬ್ಬ ಶಿಕ್ಷಕರು ಆ ಕಡೆ ಓಡಾಡಲಿ, ಅಡ್ಡಹೆಸರು ಹಿಡಿದು ಕರೆಯುವುದನ್ನು ಶಿಕ್ಷಕರೂ ನಿಲ್ಲಿಸಲಿ. ಕಡೆಯದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಕಡೆ ನಡೆಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ನಿಮಗೆ ತಿಳಿದಿರಲಿ, ಮೊದಲ ಭೇಟಿಯಲ್ಲೇ ಅದನ್ನು ಎತ್ತುವುದು ಬೇಡ.

ಹಂತ 8: ಯಾವಾಗ ತಜ್ಞರ ಬಳಿ ಹೋಗಬೇಕು

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸ್ ನಡೆಸಿಕೊಟ್ಟಿತು. 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆಯಿರುವುದು ಅದರಲ್ಲಿ ಕಂಡುಬಂತು. ನಲವತ್ತು ಮಕ್ಕಳ ತರಗತಿಯಲ್ಲಿ ಇದು ಸುಮಾರು ಮೂವರ ಲೆಕ್ಕ. ನಿದ್ದೆ, ಊಟ ಎರಡು ವಾರಕ್ಕೂ ಹೆಚ್ಚು ಕಾಲ ಕೆಟ್ಟಿದ್ದರೆ, ಶಾಲೆಗೆ ಹೋಗಲು ಪದೇಪದೇ ನಿರಾಕರಿಸಿದರೆ, ಪ್ರಾಣಿಗಳನ್ನು ಹಿಂಸಿಸಿದರೆ, ಚಾಕು ಕೈಗೆತ್ತಿಕೊಂಡರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಮಾದಕ ವಸ್ತುವಿನ ಸುಳಿವು ಸಿಕ್ಕರೆ ಮೇಲಿನ ಹಂತಗಳನ್ನು ಬಿಟ್ಟು ತಕ್ಷಣ ನೆರವು ಪಡೆಯಿರಿ. "ನಾನು ಇಲ್ದೇ ಇದ್ರೇ ಒಳ್ಳೇದು" ಎಂಬ ಮಾತನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿ, "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದೆಂದರೆ ಒಬ್ಬರೇ ಬಿಡಬೇಡಿ, ಮಾತ್ರೆ, ಕೀಟನಾಶಕಗಳನ್ನು ಬೀಗ ಹಾಕಿಡಿ.

ಟೆಲಿ-ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತನಾಡಬಹುದು. ಮಗುವಿಗೆ ದೌರ್ಜನ್ಯ, ಹಿಂಸೆ ಆಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಗೆ ಮಗುವೇ ಕರೆ ಮಾಡಬಹುದು, ಆದ್ದರಿಂದ ಎರಡೂ ಸಂಖ್ಯೆಗಳನ್ನು ಫ್ರಿಜ್ಜಿನ ಮೇಲೋ ಕ್ಯಾಲೆಂಡರಿನ ಪಕ್ಕದಲ್ಲೋ ಬರೆದು ಅಂಟಿಸಿಡಿ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್ ನಿಮ್ಮ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ದಿನ ನಡೆಯುತ್ತದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಹೋಗುವ ಹಿಂದಿನ ದಿನವೇ ಮಗುವಿಗೆ ಎಲ್ಲಿಗೆ, ಯಾರ ಬಳಿ ಹೋಗುತ್ತಿದ್ದೇವೆಂದು ಹೇಳಿ. "ಮಾವನ ಮನೆಗೆ" ಎಂದು ಸುಳ್ಳು ಹೇಳಿ ಆಸ್ಪತ್ರೆಯ ಗೇಟಿನಲ್ಲಿ ಇಳಿಸಬೇಡಿ. ನೋಟ್‌ಬುಕ್ಕನ್ನು ಜೊತೆಗೆ ಒಯ್ಯಿರಿ, ಮಗುವಿನ ಎದುರು ಅದನ್ನು ಓದಿ ಹೇಳದೆ ವೈದ್ಯರ ಕೈಗೆ ಕೊಡಿ. ಅವರು ಮೊದಲು ಮಗುವಿನೊಡನೆ ಮಾತ್ರ ಮಾತನಾಡಬೇಕೆಂದರೆ ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳಿ, ಬಾಗಿಲು ತೆರೆದು ಮಗು ಹೊರಬಂದಾಗ "ಏನ್ ಹೇಳ್ದೆ?" ಎಂದು ಕೇಳಬೇಡಿ.